ಎಲೆ ಮುಟ್ಟದವರ ಪಾಲು
‘ಮಾಲೀಸ್ ಗೇಮ್’ ಚಲನಚಿತ್ರ: ಒಬ್ಬ ಶ್ರಾವಕನ ವಿಮರ್ಶೆ

ಸಪ್ತವ್ಯಸನಗಳ ಪಟ್ಟಿಯನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ದ್ಯೂತ, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಚೌರ್ಯ, ಪರಸ್ತ್ರೀಸಂಗ ಎಂಬ ಏಳರಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಕೊಲ್ಲುವ ಬೇಟೆಗಿಂತಲೂ ಕದಿಯುವ ಚೌರ್ಯಕ್ಕಿಂತಲೂ ಮುಂದೆ ಜೂಜನ್ನು ಏಕೆ ಇಟ್ಟರು ಎಂಬ ಪ್ರಶ್ನೆ ಚಿಕ್ಕಂದಿನಲ್ಲಿ ನನ್ನನ್ನು ಕಾಡಿತ್ತು. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಒಂದೊಂದು ವ್ಯಸನಕ್ಕೆ ಒಂದೊಂದು ದೃಷ್ಟಾಂತವನ್ನು ಕೊಡುತ್ತಾರೆ. ಮದ್ಯಕ್ಕೆ ಯಾದವರು, ವೇಶ್ಯಾವ್ಯಸನಕ್ಕೆ ಚಾರುದತ್ತ, ಪರಸ್ತ್ರೀಮೋಹಕ್ಕೆ ರಾವಣ, ದ್ಯೂತಕ್ಕೆ ಯುಧಿಷ್ಠಿರ. ಧರ್ಮರಾಜನೆಂದು ಲೋಕವೇ ಕೊಂಡಾಡಿದವನು ಈ ಪಟ್ಟಿಯ ಆರಂಭದಲ್ಲಿ ನಿಂತಿರುವುದು ಸಾಮಾನ್ಯ ಎಚ್ಚರಿಕೆಯಲ್ಲ. ಸಜ್ಜನನೂ ಕಾಲಿಡಬಹುದಾದ ಬಾಗಿಲು ಇದು ಎಂಬುದೇ ಅದರ ಅರ್ಥ.

ಯುಧಿಷ್ಠಿರನ ಸೋಲನ್ನು ಹೇಳುವಾಗ ನಾವು ಶಕುನಿಯನ್ನೂ ದುರ್ಯೋಧನನನ್ನೂ ನೆನೆಯುತ್ತೇವೆ. ಆದರೆ ವ್ಯಾಸಭಾರತದಲ್ಲಿ ಆ ಆಟಕ್ಕೆಂದು ಸಭೆಯನ್ನು ಕಟ್ಟಿಸಿದವನು, ವಿದುರನ ಮೂಲಕ ಕರೆ ಕಳುಹಿಸಿದವನು ಧೃತರಾಷ್ಟ್ರ. ಅವನು ದಾಳವನ್ನು ಒಮ್ಮೆಯೂ ಮುಟ್ಟಲಿಲ್ಲ. ಒಡ್ಡಿದ ಪಣ ತನ್ನವರಿಗೆ ದಕ್ಕಿತೋ ಇಲ್ಲವೋ ಎಂದು ವಿಚಾರಿಸುತ್ತ ಕುಳಿತಿದ್ದನು, ಅಷ್ಟೆ. ಅವನ ಪಾಲಿಗೆ ಬಂದ ಪಾಪವೆಷ್ಟು? ಈ ಪ್ರಶ್ನೆಯನ್ನು ಮತ್ತೆ ನನ್ನ ಮುಂದಿಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಒಂದು ಅಮೆರಿಕದ ಚಲನಚಿತ್ರ.

ಈಚೆಗೆ ನಮ್ಮಲ್ಲಿಗೆ ಬಂದಿದ್ದ ತಮ್ಮನ ಮಗನು ಸಂಜೆಯ ಊಟ ಮುಗಿದ ಬಳಿಕ ಅದನ್ನು ನನಗೆ ತೋರಿಸಿದನು. “ದೊಡ್ಡಪ್ಪ, ಇದು ಜೂಜಿನ ಚಿತ್ರ. ಆದರೆ ಇದರ ನಾಯಕಿ ಒಂದು ಸಲವೂ ಆಡುವುದಿಲ್ಲ. ಆಕೆಯ ತಪ್ಪು ಏನು, ನೀವೇ ನೋಡಿ ಹೇಳಿ” ಎಂದನು. ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲವಾದ್ದರಿಂದ ಈ ಬರಹ.

‘ಮಾಲೀಸ್ ಗೇಮ್’ ೨೦೧೭ರಲ್ಲಿ ತೆರೆಕಂಡ ಚಿತ್ರ. ಚಿತ್ರಕಥಾಕಾರರೆಂದು ಮೊದಲೇ ಹೆಸರು ಗಳಿಸಿದ್ದ ಆರನ್ ಸಾರ್ಕಿನ್ ಅವರು ಸ್ವತಃ ನಿರ್ದೇಶಿಸಿದ ಮೊದಲ ಚಿತ್ರವಿದು. ಮಾಲಿ ಬ್ಲೂಮ್ ಎಂಬ ಮಹಿಳೆ ೨೦೧೪ರಲ್ಲಿ ಪ್ರಕಟಿಸಿದ ಆತ್ಮಕಥನ ಇದಕ್ಕೆ ಆಧಾರ. ಹಿಮಜಾರಾಟದಲ್ಲಿ ಒಲಿಂಪಿಕ್ಸ್ ಕನಸು ಕಂಡು ನಿರಾಶಳಾದ ತರುಣಿಯೊಬ್ಬಳು ಲಾಸ್ ಏಂಜಲಿಸ್ ನಗರಕ್ಕೆ ಬಂದು, ತನ್ನ ಧಣಿ ನಡೆಸುತ್ತಿದ್ದ ಖಾಸಗಿ ಪೋಕರ್ ಆಟದ ಮೇಲ್ವಿಚಾರಣೆಗೆ ನಿಲ್ಲುತ್ತಾಳೆ. ಕ್ಯಾಸಿನೋಗಳಂತೆ ಎಲ್ಲರಿಗೂ ತೆರೆದ ಆಟವಲ್ಲ, ಕರೆದವರಿಗೆ ಮಾತ್ರ ಪ್ರವೇಶ. ಮೇಜಿಗೆ ಕೂರಬೇಕಾದರೆ ೧೦,೦೦೦ ಡಾಲರ್ ತರಬೇಕು. ಪೋಕರ್ ಆಡುವವರಿಗೆ ಯಾವ ಸಂಗೀತ ಇಷ್ಟ ಎಂಬುದನ್ನೂ ಹುಡುಕಿ ತಿಳಿದುಕೊಂಡು ಹೋದ ಆ ತರುಣಿಗೆ ಮೊದಲ ರಾತ್ರಿಯೇ ೩,೦೦೦ ಡಾಲರ್ ಭಕ್ಷೀಸು ದೊರೆಯುತ್ತದೆ. ಮುಂದೆ ಆಕೆಯೇ ಹೋಟೆಲಿನ ಕೋಣೆಗಳಲ್ಲಿ ತನ್ನದೇ ಆಟವನ್ನು ನಡೆಸುತ್ತಾಳೆ, ಬಳಿಕ ನ್ಯೂಯಾರ್ಕಿಗೂ ಹೋಗುತ್ತಾಳೆ. ಕೊನೆಗೆ ಬಂಧನ, ತಪ್ಪೊಪ್ಪಿಗೆ. ೨೦೧೪ರಲ್ಲಿ ನಿಜವಾದ ನ್ಯಾಯಾಲಯವು ಆಕೆಗೆ ವಿಧಿಸಿದ್ದು ಒಂದು ವರ್ಷದ ನಿಗಾವಣೆ, ೨೦೦ ಗಂಟೆಗಳ ಸಮಾಜಸೇವೆ ಮತ್ತು ದಂಡ.

ಪೋಕರ್ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಅಗತ್ಯ. ಈ ಚಿತ್ರದಲ್ಲಿ ಕಾಣುವ ಪ್ರಕಾರದಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಗುಪ್ತವಾಗಿ ಕೊಡುತ್ತಾರೆ. ಎಲ್ಲರಿಗೂ ಸಮಾನವಾದ ಐದು ಎಲೆಗಳು ಹಂತಹಂತವಾಗಿ ಮೇಜಿನ ಮೇಲೆ ತೆರೆಯುತ್ತವೆ. ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಕೂಡಿಸಿದವನು ಗೆದ್ದಂತೆ. ಆದರೆ ನಡುವೆ ನಾಲ್ಕು ಸುತ್ತು ಪಣ ಏರುತ್ತದೆ. ಏರಿದ ಪಣಕ್ಕೆ ಹೆದರಿ ಉಳಿದವರೆಲ್ಲ ಎಲೆ ಮಗುಚಿ ಹಿಂದೆ ಸರಿದರೆ, ಉಳಿದ ಒಬ್ಬನು ತನ್ನ ಎಲೆಗಳನ್ನು ತೋರಿಸದೆಯೇ ಸಮಸ್ತ ಹಣವನ್ನೂ ಬಾಚಿಕೊಳ್ಳಬಹುದು. ಕೈಯಲ್ಲಿ ಏನೂ ಇಲ್ಲದವನು ಎಲ್ಲವೂ ಇರುವವನಂತೆ ನಟಿಸಿ ಗೆಲ್ಲುವುದು ಇಲ್ಲಿ ನಿಯಮಬಾಹಿರವಲ್ಲ, ಅದೇ ಆಟದ ಜೀವಾಳ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಜೂಜನ್ನು ಮಾಯೆ ವಾಸಿಸುವ ಮನೆಯೆಂದು ಎಣಿಸಿರುವುದನ್ನು ಇಲ್ಲಿ ಸ್ಮರಿಸಬಹುದು.

ಚಿತ್ರದ ಹೃದಯದಂತಿರುವುದು ಒಂದು ರಾತ್ರಿಯ ಪ್ರಸಂಗ. ಹಾರ್ಲನ್ ಎಂಬೊಬ್ಬನು ಆ ಮೇಜಿನಲ್ಲಿ ನಿಜವಾದ ನಿಪುಣ. ಆತುರವಿಲ್ಲ, ಅತಿಯಾಸೆ ಕಾಣದು; ಲೆಕ್ಕ ಹಾಕಿ ಆಡುತ್ತಾನೆ. ಬ್ರ್ಯಾಡ್ ಎಂಬ ಇನ್ನೊಬ್ಬನು ಎಲ್ಲರಿಗಿಂತ ಕೆಟ್ಟ ಆಟಗಾರ. ಇವನು ಅಷ್ಟು ಕೆಟ್ಟ ಆಟಗಾರನೆಂಬುದು ಹಾರ್ಲನ್‌ಗೆ ತಿಳಿಯದು. ಬ್ರ್ಯಾಡ್ ದೊಡ್ಡ ಪಣ ಕಟ್ಟಿದಾಗ, ಇಷ್ಟು ಕಟ್ಟಬೇಕಾದರೆ ಇವನಲ್ಲಿ ಬಲವಾದ ಎಲೆಗಳೇ ಇರಬೇಕೆಂದು ತರ್ಕಿಸಿ ಹಾರ್ಲನ್ ಗೆಲ್ಲುವ ಎಲೆಗಳನ್ನೇ ಕೆಳಗಿಡುತ್ತಾನೆ. ತಾನು ಮೋಸಹೋದದ್ದು, ಅದೂ ಇಂಥವನಿಂದ ಮೋಸಹೋದದ್ದು, ಮರುಕ್ಷಣದಲ್ಲಿ ಅವನಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯ. ಲೆಕ್ಕ ಹೋಯಿತು, ತಾಳ್ಮೆ ಹೋಯಿತು. ಸೋತದ್ದನ್ನು ಮರಳಿ ಪಡೆಯಲೆಂದು ಮತ್ತೆ ಮತ್ತೆ ಸಾಲದ ಮೇಲೆ ಬಿಲ್ಲೆಗಳನ್ನು ಕೇಳುತ್ತಾನೆ, ಪಡೆಯುತ್ತಾನೆ, ಸೋಲುತ್ತಾನೆ. ಮನೆಗೆ ಹೋಗು ಎಂದ ನಾಯಕಿಯ ಮೇಲೆ ಕೂಗಾಡುತ್ತಾನೆ.

ಸಾರ್ಕಿನ್ ಅವರ ಪ್ರತಿಭೆ ಈ ಭಾಗದಲ್ಲಿ ಸಂಪೂರ್ಣವಾಗಿ ವ್ಯಕ್ತವಾಗಿದೆ. ಇಲ್ಲಿ ಕೊಲೆಯಿಲ್ಲ, ಹೊಡೆದಾಟವಿಲ್ಲ. ಒಬ್ಬ ಮನುಷ್ಯನು ಕುಳಿತ ಕುರ್ಚಿಯಲ್ಲಿಯೇ ಕುಸಿಯುವುದನ್ನು ನಾವು ನೋಡುತ್ತೇವೆ. ಹಾರ್ಲನ್ ಪಾತ್ರ ವಹಿಸಿದ ಬಿಲ್ ಕ್ಯಾಂಪ್ ಅವರ ಮುಖ ಮಾತಿಗಿಂತ ಹೆಚ್ಚು ಹೇಳುತ್ತದೆ. ಜೂಜಿನ ಮೂಲ ಲೋಭ ಎಂದು ನಾವು ಉಪನ್ಯಾಸಗಳಲ್ಲಿ ಹೇಳುತ್ತ ಬಂದಿದ್ದೇವೆ. ಈ ದೃಶ್ಯ ಅದಕ್ಕಿಂತ ಆಳದ ಸತ್ಯವನ್ನು ತೋರಿಸುತ್ತದೆ. ಅವನನ್ನು ಮೇಜಿಗೆ ಕರೆತಂದದ್ದು ಲೋಭ. ಅವನನ್ನು ಬೀಳಿಸಿದ್ದು ಬ್ರ್ಯಾಡ್‌ನ ಮಾಯೆ. ಆದರೆ ಅವನು ಏಳದಂತೆ ಹಿಡಿದು ಕೂರಿಸಿದ್ದು ಮಾನಕಷಾಯ. ದುರ್ಬಲನ ಕೈಯಲ್ಲಿ ಸೋತೆನೆಂಬ ಅವಮಾನವನ್ನು ಅವನು ಸಹಿಸಲಾರದೆ ಹೋದನು. ಆ ಮಾನವೇ ಕೊನೆಗೆ ಕ್ರೋಧವಾಗಿ ಹೊರಬಿತ್ತು. ನಾಲ್ಕು ಕಷಾಯಗಳೂ ಒಂದೇ ರಾತ್ರಿಯಲ್ಲಿ ಒಂದರ ಕೈಯಿಂದ ಇನ್ನೊಂದು ದೀಪ ಹಚ್ಚಿಕೊಂಡಂತೆ ಉರಿದವು. ದ್ಯೂತವನ್ನು ಮೊದಲ ವ್ಯಸನವೆಂದು ಕರೆದದ್ದೇಕೆ ಎಂಬ ನನ್ನ ಬಾಲ್ಯದ ಪ್ರಶ್ನೆಗೆ ಇದು ಒಂದು ಉತ್ತರ.

ಇನ್ನೊಂದು ಪಾತ್ರವನ್ನು ಇಲ್ಲಿ ಹೆಸರಿಸಲೇಬೇಕು. ಚಿತ್ರವು ಅವನಿಗೆ ಹೆಸರನ್ನೂ ಕೊಡದೆ ‘ಪ್ಲೇಯರ್ ಎಕ್ಸ್’ ಎಂದಷ್ಟೇ ಕರೆಯುತ್ತದೆ. ತನಗೆ ಈ ಆಟ ಪ್ರಿಯವಲ್ಲ, ಇತರರ ಬಾಳು ಹಾಳಾಗುವುದನ್ನು ನೋಡುವುದು ಪ್ರಿಯ ಎಂಬ ಅರ್ಥದ ಮಾತನ್ನು ಅವನು ನಿರ್ವಿಕಾರವಾಗಿ ಆಡುತ್ತಾನೆ. ಹಾರ್ಲನ್‌ಗೆ ಹಿಂದಿನಿಂದ ಬಂಡವಾಳ ಹೂಡಿದವನೂ ಇವನೇ ಎಂದು ಆಮೇಲೆ ತಿಳಿಯುತ್ತದೆ. ಆಗಮಗಳು ರೌದ್ರಧ್ಯಾನದ ಭೇದಗಳಲ್ಲಿ ಮೊದಲನೆಯದಾಗಿ ಹೇಳುವ ಹಿಂಸಾನಂದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಬೇರೆ ಯಾವ ಚಿತ್ರದಲ್ಲಿಯೂ ಕಂಡಿಲ್ಲ.

ಇಷ್ಟರವರೆಗೆ ಚಿತ್ರಕ್ಕೆ ನನ್ನ ಪ್ರಶಂಸೆ. ನನ್ನ ಆಕ್ಷೇಪ ಆರಂಭವಾಗುವುದು ನಾಯಕಿಯ ವಿಚಾರದಲ್ಲಿ.

ಆಕೆಯ ಪರವಾಗಿ ಚಿತ್ರವು ಮಂಡಿಸುವ ವಾದಗಳನ್ನು ಮೊದಲು ನ್ಯಾಯವಾಗಿ ಎಣಿಸೋಣ. ಆಕೆ ಆಡಲಿಲ್ಲ. ಮೊದಮೊದಲು ಪ್ರತಿ ಆಟದ ಹಣದಿಂದ ತನ್ನ ಪಾಲನ್ನು ಮುರಿದುಕೊಳ್ಳಲಿಲ್ಲ, ಆಟಗಾರರು ಕೊಟ್ಟ ಭಕ್ಷೀಸಿನಲ್ಲಿಯೇ ತೃಪ್ತಳಾಗಿದ್ದಳು. ಬರಬೇಕಾದ ಬಾಕಿಯನ್ನು ವಸೂಲಿಯ ಗೂಂಡಾಗಳಿಗೆ ಮಾರಲು ಒಪ್ಪಲಿಲ್ಲ. ಕೊನೆಗೆ, ಆಟಗಾರರ ಗುಟ್ಟುಗಳನ್ನು ಸರ್ಕಾರಕ್ಕೆ ಒಪ್ಪಿಸಿದರೆ ತನ್ನ ಹಣ ಮರಳುವುದೆಂದು ಗೊತ್ತಿದ್ದೂ, ಅವರ ಹೆಂಡಿರು ಮಕ್ಕಳ ಬಾಳು ಬೀದಿಗೆ ಬರುವುದೆಂದು ಬಾಯಿ ಬಿಡಲಿಲ್ಲ. ಈ ಕೊನೆಯ ಗುಣ ಸಾಮಾನ್ಯವಲ್ಲ. ಕೊಟ್ಟ ಮಾತಿಗಾಗಿ ಕೈಗೆ ಬರುವ ಹಣವನ್ನು ಬಿಟ್ಟವರು ನಮ್ಮ ಪೇಟೆಯಲ್ಲಿ ಎಷ್ಟು ಮಂದಿ? ಅದಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಚಿತ್ರವು ಈ ಒಂದು ಗುಣದ ತೂಕದಿಂದ ಉಳಿದೆಲ್ಲವನ್ನೂ ಸರಿದೂಗಿಸಲು ಯತ್ನಿಸುತ್ತದೆ. ಇಲ್ಲಿಯೇ ನಮ್ಮ ಶಾಸ್ತ್ರದ ಲೆಕ್ಕ ಬೇರೆಯಾಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣವನ್ನು ವಿಂಗಡಿಸುವ ಸೂತ್ರವೊಂದಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು, ಅಂದರೆ ಸಂಕಲ್ಪ, ಸಿದ್ಧತೆ, ತೊಡಗುವಿಕೆ. ಮನ, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು. ಕ್ರೋಧ, ಮಾನ, ಮಾಯಾ, ಲೋಭ ಎಂದು ನಾಲ್ಕು. ಇವನ್ನು ಗುಣಿಸಿದರೆ ೧೦೮. ಜಪಮಾಲೆಯ ನೂರೆಂಟು ಮಣಿಗಳಿಗೆ ನಮ್ಮ ಹಿರಿಯರು ಹೇಳುವ ಅರ್ಥಗಳಲ್ಲಿ ಇದೂ ಒಂದು.

ನಾನು ಲೆಕ್ಕಪತ್ರ ಕಲಿತವನು, ನಲವತ್ತು ವರ್ಷ ಕಿರ್ದಿ ಖಾತೆಗಳನ್ನು ಬರೆದವನು. ಆದ್ದರಿಂದ ಈ ಸೂತ್ರವನ್ನು ಒಂದು ಜಮಾಖರ್ಚಿನ ಪಟ್ಟಿಯಂತೆಯೇ ನೋಡಿದೆ. “ನಾನು ಆಡಲಿಲ್ಲ” ಎಂಬ ಮಾತನ್ನು ಸಂಪೂರ್ಣವಾಗಿ ಒಪ್ಪಿ, ಪಟ್ಟಿಯಿಂದ ‘ಕೃತ’ದ ಸಾಲನ್ನು ಅಳಿಸಿಬಿಡೋಣ. ಹೋಗುವುದು ೩೬. ಉಳಿಯುವುದು ೭೨. ಎಲೆಯನ್ನೇ ಮುಟ್ಟದವನ ಖಾತೆಯಲ್ಲಿ ಇನ್ನೂ ಎಪ್ಪತ್ತೆರಡು ಬಾಗಿಲುಗಳು ತೆರೆದೇ ಇರುತ್ತವೆ. ನಾಯಕಿ ಯಾರು ಬರಬೇಕೆಂದು ಆರಿಸಿದಳು, ಅದು ಸಂರಂಭ. ಕೋಣೆ, ಊಟ, ಪಾನೀಯ, ಸಂಗೀತ ಅಣಿಗೊಳಿಸಿದಳು, ಅದು ಸಮಾರಂಭ. ಬಿಲ್ಲೆ ಹಂಚಿ ಆಟಕ್ಕೆ ಚಾಲನೆ ಕೊಟ್ಟಳು, ಅದು ಆರಂಭ. ಸೋತವನಿಗೆ ಸಾಲ ಕೊಟ್ಟಳು. ಮನೆಗೆ ಹೋಗೆಂದು ಹೇಳಿದ್ದು ನಿಜ. ಆದರೆ ಅದಕ್ಕೆ ಮೊದಲು ಕೊಟ್ಟ ಬಿಲ್ಲೆಗಳು ಅವನ ಮುಂದೆ ಇದ್ದವು. ನ್ಯೂಯಾರ್ಕಿನಲ್ಲಿ ಸಾಲದ ಹೊಣೆ ತನ್ನ ಮೇಲೆ ಬಿದ್ದಾಗ ಪ್ರತಿ ಆಟದಿಂದ ಪಾಲನ್ನೂ ಮುರಿದುಕೊಂಡಳು. ಅಮೆರಿಕದ ಕಾನೂನಿಗೆ ಆ ಪಾಲು ದೊಡ್ಡ ಗೆರೆ. ಶಾಸ್ತ್ರದ ಗೆರೆ ಅದಕ್ಕಿಂತ ಬಹಳ ಹಿಂದೆ, ಕೋಣೆಯ ಬಾಗಿಲನ್ನು ತೆರೆದಲ್ಲಿಯೇ ಇದೆ.

ಚಿತ್ರದ ಕೊನೆಯಲ್ಲಿ ಮನಶ್ಶಾಸ್ತ್ರಜ್ಞನಾದ ತಂದೆಯೊಬ್ಬನು ಬಂದು ಮಗಳ ಬದುಕಿನ ಗಂಟನ್ನು ಕೆಲವೇ ನಿಮಿಷಗಳಲ್ಲಿ ಬಿಡಿಸಿಬಿಡುತ್ತಾನೆ. ತನ್ನಿಂದ ಆದ ನೋವಿನಿಂದಲೇ ಮಗಳು ಬಲಶಾಲಿ ಗಂಡಸರ ಮೇಲೆ ಅಧಿಕಾರ ಬಯಸಿದಳೆಂದು ಅರ್ಥ. ಕೆವಿನ್ ಕಾಸ್ಟ್ನರ್ ಚೆನ್ನಾಗಿಯೇ ಅಭಿನಯಿಸಿದ್ದಾರೆ. ಆದರೂ ಚಿತ್ರದ ಅತಿ ದುರ್ಬಲ ಭಾಗ ಇದೇ. ತಂದೆ ನಿಮಿತ್ತವಾಗಿರಬಹುದು, ಉಪಾದಾನ ಮಗಳ ಪರಿಣಾಮವೇ. ನಿಮಿತ್ತವನ್ನು ತೋರಿಸಿ ಉಪಾದಾನವನ್ನು ಮರೆಸುವುದು ಕಥೆಗೆ ಸುಲಭ, ಆತ್ಮಕ್ಕೆ ಅಪಾಯ. ಮಗಳ ನೋವಿಗೆ ಇಷ್ಟು ಸಮಯ ಕೊಟ್ಟ ಚಿತ್ರವು ಹಾರ್ಲನ್‌ನ ಜೊತೆಗೆ ಅವನ ಮನೆಯವರೆಗೆ ಹೋಗುವುದಿಲ್ಲ. ಬೆಳಗಿನ ಜಾವ ಬಾಗಿಲು ತೆರೆದವರು ಯಾರು, ಅವರು ಏನು ಕೇಳಿದರು, ಅವನು ಏನು ಹೇಳಿದನು ಎಂಬುದು ನಮಗೆ ಕಾಣುವುದಿಲ್ಲ. ಆಟ ನಡೆಸಿದವರಿಗೆ ಕಾಣದೇ ಹೋದದ್ದು ಚಿತ್ರ ಮಾಡಿದವರಿಗೂ ಕಾಣದೇ ಹೋಯಿತು.

ಪೋಕರ್ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬ ವಾದವನ್ನು ನಮ್ಮ ತರುಣರೂ ಮುಂದಿಡುತ್ತಾರೆ. ನಮ್ಮ ನ್ಯಾಯಾಲಯಗಳಲ್ಲಿಯೂ ಇದು ಬಹುಕಾಲ ಚರ್ಚೆಯಾಗಿದೆ. ೨೦೨೫ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ನನ್ನ ದೃಷ್ಟಿಯಲ್ಲಿ ಕೌಶಲವಿದೆ ಎಂಬುದು ಸಮರ್ಥನೆಯಾಗದು. ಹಾರ್ಲನ್ ಕುಶಲನೇ ಆಗಿದ್ದನು. ಕೇಳಬೇಕಾದ ಪ್ರಶ್ನೆ ಬೇರೆ. ವ್ಯಾಪಾರದಲ್ಲಿ ನಾನು ಅಡಿಕೆ ಕೊಟ್ಟು ಹಣ ಪಡೆದರೆ, ಕೊಂಡವನಿಗೆ ಅಡಿಕೆಯೂ ನನಗೆ ಹಣವೂ ಬೇಕಾಗಿತ್ತು. ಇಬ್ಬರೂ ಬೇಕಾದ್ದನ್ನು ಪಡೆದು ಮನೆಗೆ ಹೋದೆವು. ಜೂಜಿನ ಮೇಜಿನಲ್ಲಿ ಒಂದು ಕಾಸೂ ಹುಟ್ಟುವುದಿಲ್ಲ. ಒಬ್ಬನ ಜಮೆಯೆಲ್ಲ ಇನ್ನೊಬ್ಬನ ಖರ್ಚು. ಪರರ ಪತನವೇ ನನ್ನ ಲಾಭದ ಏಕೈಕ ಮೂಲವಾಗುವ ಉದ್ಯೋಗ ಅಹಿಂಸಾಣುವ್ರತದೊಡನೆ ಹೇಗೆ ಹೊಂದೀತು? ಮಾಲು ಕಾಣದೆ ದರದ ಮೇಲೆ ಸಟ್ಟಾ ಕಟ್ಟುವ ನಮ್ಮವರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು.

ಇಷ್ಟು ಬರೆದ ಮೇಲೆ ನನ್ನ ಖಾತೆಯನ್ನೂ ತೆರೆಯದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗದು.

ದೀಪಾವಳಿ ಲೋಕಕ್ಕೆ ಬೆಳಕಿನ ಹಬ್ಬ. ನಮಗೆ ಭಗವಾನ್ ಮಹಾವೀರರ ನಿರ್ವಾಣದ ದಿನ. ಆ ಹಬ್ಬದ ರಾತ್ರಿ ಇಸ್ಪೀಟು ಆಡುವುದು ಶುಭವೆಂಬ ಮಾತು ನಮ್ಮ ಪೇಟೆಗಳಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ೧೯೯೮ರ ದೀಪಾವಳಿಯಂದು ನನ್ನ ಅಂಗಡಿಯ ಮಾಳಿಗೆಯಲ್ಲಿ ಎಂಟು ಮಂದಿ ಮೂರೆಲೆಗೆ ಕುಳಿತರು. ನಾನು ಇಪ್ಪತ್ತರ ವಯಸ್ಸಿನಲ್ಲಿಯೇ ಮುನಿಗಳೊಬ್ಬರ ಸಮ್ಮುಖದಲ್ಲಿ ಸಪ್ತವ್ಯಸನ ತ್ಯಾಗದ ನಿಯಮ ತೆಗೆದುಕೊಂಡಿದ್ದೆ. ಎಲೆ ಮುಟ್ಟಲಿಲ್ಲ. ಜಮಖಾನೆ ಹಾಸಿಸಿದೆ, ಚಹಾ ತರಿಸಿದೆ, ಗೆದ್ದವರನ್ನು ಕಂಡು ನಕ್ಕೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ನೆರೆಯ ಅಂಗಡಿಯ ತರುಣನೊಬ್ಬ, ಪಾಲುದಾರಿಕೆಯಲ್ಲಿ ಹೊಸದಾಗಿ ವ್ಯಾಪಾರ ಹೂಡಿದವನು, ಕೆಳಗಿಳಿದು ಬಂದು, “ಅಣ್ಣಾ, ಬೆಳಗಾಗುವುದರೊಳಗೆ ಕೊಟ್ಟುಬಿಡುತ್ತೇನೆ” ಎಂದನು. ಕೆಲವೇ ಗಂಟೆಗಳ ಹಿಂದೆ ಪೂಜೆ ಮಾಡಿ ಕುಂಕುಮ ಹಚ್ಚಿದ್ದ ತಿಜೋರಿಯನ್ನು ತೆರೆದು ನಲವತ್ತು ಸಾವಿರ ರೂಪಾಯಿಗಳನ್ನು ಎಣಿಸಿ ಕೊಟ್ಟೆ. ಆ ನಲವತ್ತು ಸಾವಿರ ಮಾಳಿಗೆಯಿಂದ ಕೆಳಗೆ ಬರಲಿಲ್ಲ.

ಯುಗಾದಿಯ ಹೊತ್ತಿಗೆ ಅವನ ಅಂಗಡಿಯ ಬಾಗಿಲು ಮುಚ್ಚಿತು. ಮೂರು ವರ್ಷಗಳಲ್ಲಿ ನನ್ನ ಹಣವನ್ನು ಅವನು ತೀರಿಸಿದನು. ಕೊನೆಯ ಕಂತು ಅವನ ಹೆಂಡತಿಯ ಬಳೆಗಳನ್ನು ಮಾರಿ ತಂದದ್ದೆಂದು ಆಮೇಲೆ ತಿಳಿಯಿತು. ನಾನು ಬಡ್ಡಿ ತೆಗೆದುಕೊಳ್ಳಲಿಲ್ಲ. ಅದನ್ನೇ ಧರ್ಮವೆಂದುಕೊಂಡು ಬಹುಕಾಲ ನೆಮ್ಮದಿಯಾಗಿದ್ದೆ. ನನ್ನ ನಿಯಮ ಭಂಗವಾಗಿಲ್ಲವೆಂಬುದೇ ನನ್ನ ಹೆಮ್ಮೆಯಾಗಿತ್ತು. ಚಿತ್ರದ ನಾಯಕಿ ಕನಿಷ್ಠ ಪಕ್ಷ ಮನೆಗೆ ಹೋಗು ಎಂದಳು. ನಾನು ಆ ಮಾತನ್ನೂ ಆಡಲಿಲ್ಲ. ಆಕೆಯ ತಪ್ಪು ಏನು ಎಂದು ತಮ್ಮನ ಮಗನು ಕೇಳಿದಾಗ ನನ್ನ ಉತ್ತರ ತಡವರಿಸಿದ್ದು ಈ ಕಾರಣದಿಂದ.

ಆ ರಾತ್ರಿ ಗೆದ್ದವನು ಮರುವಾರ ಬಸದಿಗೆ ೫,೦೦೧ ರೂಪಾಯಿ ಕಾಣಿಕೆ ಕೊಟ್ಟನು. ಅಭಿಷೇಕದ ಸಮಯದಲ್ಲಿ ಅವನ ಹೆಸರನ್ನು ಎಲ್ಲರ ಮುಂದೆ ಓದಲಾಯಿತು. ಆಡಳಿತ ಸಮಿತಿಯ ಸದಸ್ಯನಾಗಿ ರಸೀದಿಗೆ ಸಹಿ ಹಾಕಿದವನೂ ನಾನೇ. ಹಣ ಎಲ್ಲಿಂದ ಬಂತೆಂದು ನನ್ನಷ್ಟು ಚೆನ್ನಾಗಿ ತಿಳಿದವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಎಲ್ಲಕ್ಕೂ ಮೊದಲು ಹೇಳುತ್ತಾರೆ. ಪೂಜೆ, ದಾನಗಳೆಲ್ಲ ಆ ತಳಪಾಯದ ಮೇಲೆ ನಿಲ್ಲಬೇಕಾದವು. ಲಾಸ್ ಏಂಜಲಿಸ್‌ನ ಆ ಆಟದ ವಾಸ್ತವ ಕಥೆಯಲ್ಲಿಯೂ ಇದಕ್ಕೊಂದು ಪಾಠವಿದೆ. ಅಲ್ಲಿ ಸತತವಾಗಿ ಸೋಲುತ್ತಿದ್ದವನೊಬ್ಬನ ಹಣ ಅವನದಾಗಿರಲಿಲ್ಲ, ನಂಬಿ ಹೂಡಿದವರದಾಗಿತ್ತು. ಆ ವಂಚನೆ ಬಯಲಾದ ಮೇಲೆ ೨೦೧೧ರಲ್ಲಿ ಗೆದ್ದವರಿಂದ ಹಣವನ್ನು ಮರಳಿ ಪಡೆಯಲು ದಾವೆಗಳು ಹೂಡಲ್ಪಟ್ಟವು. ಗೆದ್ದೆವೆಂದುಕೊಂಡವರು ತಮಗೇ ತಿಳಿಯದೆ ಅಪರಿಚಿತರ ಉಳಿತಾಯವನ್ನು ಜೇಬಿಗಿಳಿಸಿದ್ದರು.

ಟ್ರಸ್ಟಿನವರು ಕಾಣಿಕೆ ಕೊಟ್ಟ ಪ್ರತಿಯೊಬ್ಬನ ಆದಾಯದ ವಿವರವನ್ನು ಕೇಳಬೇಕೆಂದು ನಾನು ಹೇಳುತ್ತಿಲ್ಲ. ಅದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಮೂಲ ತಿಳಿದಿರುವ ಹಣದ ವಿಷಯದಲ್ಲಿ ತಿಳಿಯದವರಂತೆ ಇರಬಾರದು. ಅಂಥ ಹಣದ ಹೆಸರನ್ನು ಅಭಿಷೇಕದ ಹೊತ್ತಿನಲ್ಲಿ ಓದಿದರೆ ಅದು ಅನುಮೋದನೆಯೇ ಆಗುತ್ತದೆ, ಒಬ್ಬನದಲ್ಲ, ಕೈಮುಗಿದು ನಿಂತ ಇಡೀ ಸಮಾಜದ ಅನುಮೋದನೆ. ಹಾಗೆಯೇ ಮಕ್ಕಳಿಗೆ ಸಪ್ತವ್ಯಸನ ತ್ಯಾಗದ ನಿಯಮ ಕೊಡಿಸುವಾಗ “ಆಡುವುದಿಲ್ಲ” ಎಂದಷ್ಟೇ ಹೇಳಿಸದೆ, “ಆಡಿಸುವುದಿಲ್ಲ, ಆಡುವುದನ್ನು ಮೆಚ್ಚುವುದಿಲ್ಲ” ಎಂದೂ ಹೇಳಿಸಬೇಕು. ನಮ್ಮ ಮನೆಯ ಮಾಳಿಗೆ, ನಮ್ಮ ಜಮಖಾನೆ, ನಮ್ಮ ತಿಜೋರಿಯ ಬೀಗದ ಕೈ, ಇವೂ ಆ ನಿಯಮದ ಒಳಗೆ ಬರಬೇಕು.

‘ಮಾಲೀಸ್ ಗೇಮ್’ ಚಿತ್ರದ ಭಾಷೆ ಒರಟು. ಮದ್ಯ, ಮಾದಕವಸ್ತುಗಳ ದೃಶ್ಯಗಳೂ ಇವೆ. ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ. ಆದರೆ ವ್ಯಾಪಾರ ಮಾಡುವ ಗೃಹಸ್ಥರು, ಟ್ರಸ್ಟುಗಳ ಹೊಣೆ ಹೊತ್ತವರು ಒಮ್ಮೆ ನೋಡಬಹುದು. ನೋಡುವಾಗ ಆಟಗಾರರಿಗಿಂತ ಹೆಚ್ಚಾಗಿ, ಹಿಂದೆ ಗೋಡೆಯ ಬಳಿ ನಿಂತು ಲೆಕ್ಕ ಬರೆಯುವವಳನ್ನು ಗಮನಿಸಬೇಕು. ಚಿತ್ರ ಆಕೆಯನ್ನು ಬಿಡುಗಡೆ ಮಾಡಿ ಮನೆಗೆ ಕಳುಹಿಸುತ್ತದೆ. ನಮ್ಮ ಸೂತ್ರ ಅಷ್ಟು ಬೇಗ ಬಿಡುಗಡೆ ಮಾಡದು. ಆದರೆ ಆಲೋಚನೆ, ಪ್ರತಿಕ್ರಮಣಗಳ ಮಾರ್ಗವನ್ನು ತೆರೆದಿಟ್ಟಿದೆ. ಆ ತರುಣ ಇಂದು ಬೇರೆ ಊರಿನಲ್ಲಿ ಚಿಕ್ಕ ಅಂಗಡಿಯೊಂದನ್ನು ನಡೆಸುತ್ತಿದ್ದಾನೆ. ಕಳೆದ ಪರ್ಯೂಷಣದ ಕೊನೆಯಲ್ಲಿ, ಕ್ಷಮಾವಣಿಯ ದಿನ, ಅಲ್ಲಿಗೆ ಹೋಗಿ ಅವನಿಂದಲೂ ಅವನ ಮನೆಯವರಿಂದಲೂ ಕ್ಷಮೆ ಬೇಡಿ ಬಂದೆ. “ತಪ್ಪು ನನ್ನದಲ್ಲವೇ ಅಣ್ಣಾ, ನೀವು ಆಡಲಿಲ್ಲವಲ್ಲ” ಎಂದನು ಅವನು. ಅವನ ಹೆಂಡತಿ ಏನೂ ಹೇಳಲಿಲ್ಲ. ಸುಮ್ಮನೆ ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟಳು. ಕೈಯಲ್ಲಿ ಗಾಜಿನ ಬಳೆಗಳಿದ್ದವು.